ತಾಯಿಯ ಬಳಿ

ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಬಾರ್ಕೂರಿನಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ, ಡ್ರೈವರನ ಹಿಂದಿನ ಸೀಟಿನಲ್ಲಿ, ಇಪ್ಪತ್ತೆರಡು ಹಾಳೆಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಜಲಜ ಟೀಚರ್‌ಗೆ ಅದು ಗೊತ್ತಿತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಂತಮ್ಮ ಜಾಗದಲ್ಲಿದ್ದವು. ಅರ್ಧವಿರಾಮ ಕೂಡ ಬೀಳಬೇಕಾದಲ್ಲೇ ಬಿದ್ದಿತ್ತು. ಹಾಗಿದ್ದೂ ನಿನ್ನೆ ಸಂಜೆ ಅವಳ ಕೆಂಪು ಪೆನ್ನು ಆ ಸಾಲಿನ ಮೇಲೆ ಒಂದು ಗೆರೆ ಎಳೆದಿತ್ತು. ಬೆಳಿಗ್ಗೆ ಚಾ ಕುಡಿಯುತ್ತ ಮತ್ತೊಮ್ಮೆ ಓದಿ ಇನ್ನೊಂದು ಗೆರೆ ಎಳೆದಿದ್ದಳು. 'ಅವನ ಭೂಲೋಕದ ತಂದೆಯ ಹೆಸರು ಬರೆಯಬೇಕಾದ ಜಾಗವನ್ನು ದೇವರು ಬೇಕೆಂದೇ ಖಾಲಿ ಬಿಟ್ಟ; ಅಲ್ಲಿ ಏನನ್ನಾದರೂ ಬರೆದು ತುಂಬಿಸುವ ಹಕ್ಕು ನಮಗಿಲ್ಲ.' ಮೂವತ್ತಾರು ವರ್ಷ ಮಕ್ಕಳ ಕನ್ನಡ ತಿದ್ದಿದವಳು ಅವಳು. ನಿವೃತ್ತಿಯಾದ ಮೇಲೂ ಮದುವೆ ಕಾಗದ, ಪಂಚಾಯತಿಗೆ ಕೊಡುವ ಮನವಿ, ಸ್ಮರಣ ಸಂಚಿಕೆಯ ಮುನ್ನುಡಿ ಎಲ್ಲ ಅವಳ ಜಗಲಿಗೆ ಬಂದು ತಿದ್ದಿಸಿಕೊಂಡೇ ಮುಂದೆ ಹೋಗುತ್ತಿದ್ದವು. ಕಾರಣ ಹೇಳಲಾಗದ ಗೆರೆಯನ್ನು ಅವಳು ಯಾರ ಬರಹದ ಮೇಲೂ ಎಳೆದವಳಲ್ಲ. ಕಾರಣ ಕೇಳಿದರೆ ರೋಷನ್‌ಗೆ ಏನು ಹೇಳುವುದು? ರೋಷನ್ ಅಲ್ಲ, ಫಾದರ್ ರೋಷನ್. ಬ್ರಹ್ಮಾವರದ ಒಳಗಿನ ಒಂದು ಸಣ್ಣ ಸುರಿಯಾನಿ ಇಗರ್ಜಿಯ ಪಾದ್ರಿ. ಒಂದು ಕಾಲದಲ್ಲಿ ಅವಳ ಏಳನೇ ತರಗತಿಯ ಎರಡನೇ ಬೆಂಚಿನಲ್ಲಿ ಕೂತು ಅಲ್ಪಪ್ರಾಣ ಮಹಾಪ್ರಾಣ ಕಲಸಿ ಬೈಸಿಕೊಂಡವನು. ಕ್ರಿಸ್ಮಸ್ಸಿಗೆ ಹಂಚಲು ಕನ್ಯೆಯಿಂದ ಹುಟ್ಟಿದ ಯೇಸುವಿನ ಬಗ್ಗೆ ಒಂದು ಪುಸ್ತಿಕೆ ಬರೆದು, ಕನ್ನಡ ನೋಡಿಕೊಡಿ ಎಂದು ಹಾಳೆಗಳನ್ನು ಅವಳ ಕೈಗೇ ತಂದುಕೊಟ್ಟಿದ್ದ. ಜಗಲಿಯಲ್ಲಿ ಬಿಳಿ ನಿಲುವಂಗಿ ಹಾಕಿದವನೊಬ್ಬ ಅವಳ ಎದುರು ವಿದ್ಯಾರ್ಥಿಯ ಹಾಗೆ ನಿಂತದ್ದನ್ನು ಆಚೆಮನೆಯವರು ನೋಡಿದ್ದರು. ಅವರು ನೋಡಲಿ ಎಂದೇ ಅವಳು ಅವನನ್ನು ಎರಡು ನಿಮಿಷ ಹೆಚ್ಚು ನಿಲ್ಲಿಸಿಕೊಂಡಿದ್ದಳು.

ಶುಕ್ರವಾರ ದೀಪ ಹಚ್ಚುವ, ದೇವಸ್ಥಾನದ ಊಟಕ್ಕೆ ಸಾಲಿನಲ್ಲಿ ಕೂರುವ ತನಗೆ ಇದರಲ್ಲೇನು ಅರ್ಥವಾದೀತು ಎಂದುಕೊಂಡೇ ಓದತೊಡಗಿದವಳಿಗೆ ಮೂರನೇ ಪುಟದ ಹೊತ್ತಿಗೆ ಬೆನ್ನು ನೆಟ್ಟಗಾಗಿತ್ತು. ಗಂಡುಹೆಣ್ಣಿನ ಸಂಗ ಹೊಲಸು ಎಂಬ ಕಾರಣಕ್ಕೆ ದೇವರು ಹೀಗೆ ಹುಟ್ಟಿದ್ದಲ್ಲ, ಅದನ್ನು ನಿರ್ಮಿಸಿದವನೂ ಅವನೇ ಎಂದು ರೋಷನ್ ಬರೆದಿದ್ದ. ಗಂಡಸಿನ ಬಲ, ವಂಶದ ಹೆಮ್ಮೆ, ಹಿರಿಯರ ಆಸ್ತಿ ಇವು ಯಾವುದರಿಂದಲೂ ಮನುಷ್ಯ ತನ್ನನ್ನು ತಾನು ಉದ್ಧರಿಸಿಕೊಳ್ಳಲಾರ. ಆದ್ದರಿಂದ ದೇವರು ಅವೆಲ್ಲವನ್ನೂ ಬದಿಗಿಟ್ಟು ತಾನೇ ಮೊದಲ ಹೆಜ್ಜೆ ಇಟ್ಟ. ಅದಕ್ಕೂ ಮೊದಲು ಒಬ್ಬ ಹುಡುಗಿಯ ಒಪ್ಪಿಗೆ ಕೇಳಿದ. ಅವಳು ಹೂಂ ಅಂದಳು. ಅವಳ ಅಪ್ಪನನ್ನು ಕೇಳಲಿಲ್ಲ, ನಿಶ್ಚಯವಾಗಿದ್ದ ಗಂಡನ್ನೂ ಕೇಳಲಿಲ್ಲ. ಹುಟ್ಟಿದ ಮಗುವಿನ ರಕ್ತ ಮಾಂಸ ಎಲುಬು, ಮನುಷ್ಯನದೆಂಬುದೆಲ್ಲ, ಪೂರ್ತಿ ಆ ತಾಯಿಯದೇ. ಈ ಕೊನೆಯ ಸಾಲಿನ ಕೆಳಗೆ ಜಲಜ ಕೆಂಪಿನಲ್ಲಿ ಅಡಿಗೆರೆ ಎಳೆದು, ಅದು ತಿದ್ದುಪಡಿ ಅಲ್ಲ, ಮೆಚ್ಚುಗೆ ಎಂದು ಪಕ್ಕದಲ್ಲಿ ಬರೆದಿದ್ದಳು. ಇಂಥದನ್ನು ಬರೆಯುವವನಿಗೆ ಅಕ್ಷರ ತೀಡಿಸಿದವಳು ತಾನು. ಆಮೇಲೆ ಹತ್ತೊಂಬತ್ತನೇ ಪುಟ ಬಂದಿತ್ತು, ಆ ವಾಕ್ಯ ಬಂದಿತ್ತು.

ಭೋಜ ಎಂಬವನು ಅವಳ ಅಪ್ಪನಾದದ್ದು ಒಂದು ಕಿಟಕಿಯ ಮುಂದೆ. ಇಪ್ಪತ್ತೊಂದು ವರ್ಷದವಳಾಗಿ ಶಿಕ್ಷಕರ ತರಬೇತಿಗೆ ಸೇರಲು ಹೋದಾಗ ಗುಮಾಸ್ತ ಕಿಟಕಿಯ ಆಚೆಯಿಂದ, ತಲೆ ಎತ್ತದೆ, ತಂದೆಯ ಹೆಸರು ಎಂದಿದ್ದ. ಅವಳ ಹಿಂದೆ ಹತ್ತು ಹದಿನೈದು ಹುಡುಗಿಯರು ನಿಂತಿದ್ದರು. ಎಲ್ಲರ ಜೊತೆಗೂ ಒಬ್ಬೊಬ್ಬ ಗಂಡಸು ಬಂದಿದ್ದ. ರಸ್ತೆಯ ಆಚೆ ಒಂದು ಸೈಕಲ್ ರಿಪೇರಿ ಅಂಗಡಿ. ಹಸಿರು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ 'ಭೋಜ ಸೈಕಲ್ ಶಾಪ್'. ಭೋಜ, ಎಂದಳು. ಗುಮಾಸ್ತ ಬರೆದುಕೊಂಡ. ಅಷ್ಟು ಸುಲಭವಾಗಿ ಬಾಯಿಂದ ಬಂದ ಹೆಸರು ಮತ್ತೆ ಒಳಗೆ ಹೋಗಲಿಲ್ಲ. ನೇಮಕದ ಆದೇಶ, ಸೇವಾ ಪುಸ್ತಕ, ಕೊನೆಗೆ ಪಿಂಚಣಿಯ ಕಾಗದ, ಎಲ್ಲೆಲ್ಲೂ ಅವನು ಬಂದು ಕೂತ. ಟೀಚರುಗಳ ಕೋಣೆಯಲ್ಲಿ ಯಾರಾದರೂ ಕೇಳಿದಾಗೆಲ್ಲ ಅವಳು ಅವನಿಗೆ ಒಂದೊಂದನ್ನು ಸೇರಿಸುತ್ತ ಹೋದಳು: ಮುಂಬೈಯ ಹೋಟೆಲಿನಲ್ಲಿ ಕೆಲಸ, ದಪ್ಪ ಮೀಸೆ, ಸಿಹಿ ಎಂದರೆ ಪ್ರಾಣ, ತಾನು ಮೂರು ವರ್ಷದವಳಿದ್ದಾಗ ಕಾಮಾಲೆಯಿಂದ ಸಾವು. ಎರಡು ಕಡೆಯಿಂದ ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಮುಂಬೈಯಲ್ಲಿ ಭೋಜನ ಬಗ್ಗೆ ವಿಚಾರಿಸಿದರೆ ಎಂದು ಹೆದರಿ ಎರಡನ್ನೂ ಬೇಡ ಎಂದಿದ್ದಳು. ಊರವರು ಅದನ್ನು ಅಹಂಕಾರ ಎಂದರು. ಹಾಗೆ ಅಂದದ್ದು ಅವಳಿಗೆ ಅನುಕೂಲವೇ ಆಯಿತು.

ಅಬ್ಬಿ, ಅವಳ ತಾಯಿ ಕಮಲ, ಮಾತ್ರ ಎಂದೂ ಏನನ್ನೂ ಸೇರಿಸಿದವಳಲ್ಲ. ಎಂಟು ವರ್ಷದವಳಿದ್ದಾಗ, ಗದ್ದೆಯ ಅಂಚಿನಲ್ಲಿ ಬುತ್ತಿ ಬಿಚ್ಚಿ ಕೂತ ಅಬ್ಬಿಯನ್ನು ಜಲಜ ಕೇಳಿದ್ದಳು: ನನ್ನ ಅಪ್ಪಯ್ಯ ಯಾರ್? ಕಮಲ ಗಂಜಿಗೆ ಉಪ್ಪಿನಕಾಯಿ ಕಲಸುತ್ತ, "ನೀನ್ ನನ್ನ ಬಳಿಯವ್ಳ್. ನನ್ನಬ್ಬಿ ಬಳಿ ನಂಗ್ ಬಂತ್, ನನ್ನ ಬಳಿ ನಿಂಗ್ ಬಂತ್. ಅಷ್ಟ್ ಸಾಕ್ ಮಗಾ" ಎಂದಿದ್ದಳು. ಅಳಿಯಸಂತಾನದ ಮನೆ ಅವರದು. ಮಕ್ಕಳು ತಾಯಿಯ ಬಳಿಗೇ, ಅವಳ ಕುಲಕ್ಕೇ, ಸೇರುವುದು ಅಲ್ಲಿ ಹೊಸ ಮಾತಲ್ಲ. ಆದರೂ ಉಳಿದವರ ಮನೆಯಲ್ಲಿ ಒಬ್ಬ ಅಪ್ಪಯ್ಯ ಜಗಲಿಯ ಮೇಲೆ ಕೂತು ವೀಳ್ಯ ಜಗಿಯುತ್ತಿದ್ದ, ಇವರ ಜಗಲಿ ಖಾಲಿ ಇತ್ತು. ಅವರು ಬಾರ್ಕೂರಿಗೆ ಬಂದದ್ದು ಜಲಜಳಿಗೆ ನೌಕರಿಯಾದ ಮೇಲೆ. ಕಮಲ ಆ ಹಳೆಯ ಊರಿನಲ್ಲಿ ತಲೆ ಎತ್ತಿಯೇ ಓಡಾಡಿದಳು. ಕುಟುಂಬದ ಪೂಜೆಗೆ ಮೊದಲ ಸಾಲಿನಲ್ಲಿ ನಿಂತಳು. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಮೇಲೂ ದೂರಲಿಲ್ಲ. ನೇಮಕದ ಆದೇಶ ಮನೆಗೆ ಬಂದ ದಿನ ಯಾರೋ ಅದನ್ನು ಅವಳಿಗೆ ಓದಿ ಹೇಳಿದ್ದರು. ಸಂಜೆ ಜಲಜ ಚಪ್ಪಲಿ ಬಿಡುತ್ತಿದ್ದಾಗಲೇ, "ಭೋಜ ಅಂದ್ರೆ ಯಾರ್ ಹೆಣ್ಣೆ?" ಎಂದು ಕೇಳಿದಳು. ಏನೋ ಒಂದು ಬರೆಯಬೇಕಿತ್ತು, ಬರೆದೆ ಎಂದಳು ಜಲಜ. ಕಮಲ, "ಇಷ್ಟ್ ವರ್ಷ ನಾನೊಂದ್ ಸುಳ್ಳ್ ಹೇಳ್ಲಿಲ್ಲೆ. ನನ್ನ್ ಪರವಾಗಿ ನೀನ್ ಹೇಳ್ದೆ" ಎಂದು ಒಳಗೆ ಹೋದಳು. ಸಾಯುವವರೆಗೂ ಆ ವಿಷಯ ಮತ್ತೆ ಎತ್ತಲಿಲ್ಲ. ಅವಳು ಎತ್ತಿದ್ದರೆ ಚೆನ್ನಾಗಿತ್ತು ಎಂದು ಜಲಜಳಿಗೆ ಅನಿಸುತ್ತಿತ್ತು. ಎತ್ತಿದ್ದರೆ ಎದುರು ಮಾತಾಡಬಹುದಿತ್ತು.

ಬಸ್ಸು ಬ್ರಹ್ಮಾವರದಲ್ಲಿ ನಿಂತು ಕಂಡಕ್ಟರ್ "ಟೀಚರ್, ಇಳಿಯುದಲ್ದಾ?" ಎಂದು ಕರೆದಾಗ ಅವಳಿಗೆ ಎಚ್ಚರವಾಯಿತು. ಇಳಿದು ಒಳದಾರಿಯಲ್ಲಿ ನಡೆಯುತ್ತಿರುವಾಗ, ಇದೆಲ್ಲ ತನ್ನ ಮನೆಯ ವಿಷಯ, ತಾನೊಬ್ಬಳೇ ಹೊತ್ತದ್ದು, ಅದಕ್ಕಾಗಿ ಪೆನ್ನು ಗೆರೆ ಎಳೆದಿರಲಾರದು ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಎಳೆಸಿದ್ದು ಪುಷ್ಪ, ಅವಳ ಹಳೆಯ ವಿದ್ಯಾರ್ಥಿನಿ. ಏಳನೇ ತರಗತಿಯ ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ, ಕಪ್ಪಗೆ ತೆಳ್ಳಗಿದ್ದ ಆ ಹುಡುಗಿ ತಂದೆಯ ಹೆಸರು ಕೇಳಿದಾಗ ಎದ್ದು ನಿಂತಳು, ಬಾಯಿ ಬಿಡಲಿಲ್ಲ. ಉಳಿದ ಯಾವ ಟೀಚರ್ ಆಗಿದ್ದರೂ ಹುಡುಗಿಯನ್ನು ಹತ್ತಿರ ಕರೆದು ಮೆಲ್ಲಗೆ ಕೇಳುತ್ತಿದ್ದರೋ ಏನೋ. ಜಲಜ ಕರೆಯಲಿಲ್ಲ. ಇವಳನ್ನು ಸುಮ್ಮನೆ ಬಿಟ್ಟರೆ, ಯಾಕೆ ಬಿಟ್ಟೆ ಎಂದು ಉಳಿದವರು ತನ್ನ ಮುಖ ನೋಡುತ್ತಾರೆ ಎಂದು ಕಂಡಿತ್ತು. ಹೇಳುವವರೆಗೆ ನಿಂತಿರು ಎಂದಳು. ಹುಡುಗಿ ಮೂರು ದಿನ ನಿಂತಳು. ಪ್ರತಿ ಪಿರಿಯಡ್ಡಿಗೆ ತಾನಾಗಿಯೇ ಎದ್ದು ನಿಲ್ಲುತ್ತಿದ್ದಳು, ಕಣ್ಣು ಕೆಳಗೆ ಹಾಕುತ್ತಿರಲಿಲ್ಲ. ಮೂರನೇ ದಿನ ಸಂಜೆ ಅರ್ಜಿಗಳನ್ನು ಕಳಿಸಬೇಕಿತ್ತು. ಮಕ್ಕಳೆಲ್ಲ ಚೀಲ ಕಟ್ಟುತ್ತಿದ್ದಾಗ ಜಲಜ ಪುಷ್ಪಳ ಅರ್ಜಿ ಎಳೆದುಕೊಂಡು ಆ ಜಾಗದಲ್ಲಿ ಭೋಜ ಎಂದು ಬರೆದಳು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಖಾಲಿ ಇದ್ದ ಜಾಗದಲ್ಲೂ ಅದೇ ಹೆಸರು, ಅದೇ ಶಾಯಿ. ಬೇರೆ ಯಾವ ಹೆಸರೂ ಕೈಗೆ ಬಂದಿರಲಿಲ್ಲ.

ಇಗರ್ಜಿಯ ಪಕ್ಕದ ಕೋಣೆಯಲ್ಲಿ ಫಾದರ್ ರೋಷನ್ ಅವಳಿಗಾಗಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಟ್ಟಿದ್ದ. "ಬನ್ನಿ ಟೀಚರ್, ಕೂಕಣಿ. ತುಂಬಾ ತಪ್ಪಿತ್ತಾ?" ಎಂದ. "ಕಾಗುಣಿತ ಸುಮಾರಿತ್ತ್. ವಿಷಯ ಗಟ್ಟಿ ಇತ್ತ್" ಎಂದು ಅವಳು ಹಾಳೆಗಳನ್ನು ಮೇಜಿನ ಮೇಲೆ ಬಿಚ್ಚಿದಳು. ನೀನ್ ಎನ್ನುವುದೋ ನೀವ್ ಎನ್ನುವುದೋ ತಿಳಿಯದೆ ಕ್ರಿಯಾಪದಗಳನ್ನೆಲ್ಲ ನುಂಗಿಕೊಂಡೇ ಒಂದೊಂದೇ ಪುಟ ತೋರಿಸಿದಳು. ಅವನು ತಲೆ ಆಡಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಶೀರ್ಷಿಕೆಯ ಬಗ್ಗೆ ಅವಳದೊಂದು ತಕರಾರಿತ್ತು. ಕನ್ನಡದಲ್ಲಿ ಕನ್ಯೆ ಎಂದರೆ ಬರೀ ಹುಡುಗಿ, ಮದುವೆಯ ವಯಸ್ಸಿನವಳು ಎಂದೂ ಆಗುತ್ತದೆ. ಕನ್ಯಾದಾನ ಎನ್ನುವಾಗ ಯಾರೂ ಬೇರೆ ಅರ್ಥ ಎಣಿಸುವುದಿಲ್ಲ. ಪುಸ್ತಿಕೆ ಹೇಳುವ ಅರ್ಥ ಆ ಪದದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ರೋಷನ್ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಟೀಚರ್, ಇದೇ ಜಗಳ ಎರಡ್ ಸಾವಿರ ವರ್ಷದಿಂದ ಇತ್ತ್. ಹಳೇ ಪ್ರವಾದಿ ಬರ್ದ ಹೀಬ್ರೂ ಪದಕ್ಕೂ ಹುಡ್ಗಿ ಅಂದೇ ಅರ್ಥ. ಗ್ರೀಕಿಗೆ ತಂದವ್ರ್ ಕನ್ಯೆ ಅಂದ್ರ್. ನೀವ್ ಸೆಮಿನರಿಯಂಗೆ ಇದ್ದಿದ್ರೆ ನಮ್ಗೆಲ್ಲ ಕಷ್ಟ ಇದ್ದಿತ್ತ್." ಅವಳಿಗೆ ಒಳಗೊಳಗೇ ಖುಷಿಯಾಯಿತು. ಅದನ್ನು ತೋರಿಸಿಕೊಳ್ಳದೆ, "ಹಾಂಗಾರೆ ಎರಡೂ ಅರ್ಥ ಇಪ್ಪ ಪದವೇ ಇರ್ಲಿ. ಒಳಗೆ ಬಿಡಿಸಿ ಬರೀಕ್, ಅಷ್ಟೇ" ಎಂದಳು. ಅವನು ಇನ್ನೊಂದು ಹೇಳಿದ: ಅವರ ಪ್ರಾರ್ಥನೆಯ ಸುರಿಯಾನಿ ಭಾಷೆಯಲ್ಲಿ ಪವಿತ್ರಾತ್ಮ ಎಂಬ ಪದ ವ್ಯಾಕರಣದಲ್ಲಿ ಸ್ತ್ರೀಲಿಂಗ. ಸೃಷ್ಟಿಯ ಮೊದಲಿಗೆ ನೀರಿನ ಮೇಲೆ ಸುಳಿದಾಡಿದ್ದೂ ಆ ಆತ್ಮವೇ, ಆ ಹುಡುಗಿಯ ಮೇಲೆ ಇಳಿದದ್ದೂ ಅದೇ. ಆದ್ದರಿಂದ ಇದು ದೇವರು ಒಂದು ಗಂಡಿನ ಜಾಗಕ್ಕೆ ಬಂದ ಕಥೆಯಲ್ಲ, ಹೊಸದಾಗಿ ಲೋಕವನ್ನೇ ಶುರುಮಾಡಿದ ಕಥೆ. ವ್ಯಾಕರಣದಿಂದ ದೇವರ ತನಕ ಹೋಗಬಹುದು ಎಂದು ಜಲಜಳಿಗೆ ಯಾರೂ ಹೇಳಿರಲಿಲ್ಲ. ಅದನ್ನೂ ಪುಸ್ತಿಕೆಗೆ ಸೇರಿಸಬೇಕು ಎಂದು ಅಪ್ಪಣೆ ಕೊಟ್ಟಳು.

ಹದಿನಾರನೇ ಪುಟದಲ್ಲಿ ಅವಳ ಟಿಪ್ಪಣಿ ನೋಡಿ ಅವನು ನಕ್ಕ. ಮರಿಯಮ್ಮನಿಗೆ ನಿಶ್ಚಯವಾಗಿದ್ದ ಯೋಸೇಫ ತಂದೆಯಲ್ಲದಿದ್ದರೆ ಮಗು ಅವನ ಹಿರಿಯನಾದ ದಾವೀದ ರಾಜನ ವಂಶದವನಾದದ್ದು ಹೇಗೆ ಎಂಬ ಪ್ರಶ್ನೆಗೆ ಅವನು ಎರಡು ಪುಟ ಉತ್ತರ ಬರೆದಿದ್ದ. ಯೋಸೇಫ ಬಸುರಿಯನ್ನು ಮನೆಗೆ ಕರೆದುಕೊಂಡ, ಮಗುವಿಗೆ ಹೆಸರಿಟ್ಟ, ಹೆಸರಿಟ್ಟವನ ವಂಶ ಮಗುವಿಗೆ ಬಂತು. ಪಕ್ಕದಲ್ಲಿ ಜಲಜ, 'ತಾಯಿಯ ಬಳಿ ಸಾಲದೆ?' ಎಂದು ಬರೆದಿದ್ದಳು. "ಸಾಕಾಯ್ಕ್ ಟೀಚರ್. ಮರಿಯಮ್ಮನೂ ಅದೇ ಮನೆತನದವ್ಳ್ ಅಂದ್ಹೇಳಿ ನಮ್ಮ ಹಿರಿಯರ್ ಕೆಲವ್ರ್ ಹೇಳಿದ್ರ್. ಆದ್ರೆ ಅದನ್ನ್ ಒಂದೇ ಸಲಕ್ಕೆ ಅರ್ಥ ಮಾಡ್ಕಂಬುಕೆ ನಮ್ಮ ಕರಾವಳಿಯವ್ರೇ ಬೇಕಾಯ್ತ್" ಎಂದ. ಜಲಜ ಸುವಾರ್ತೆಯ ಒಂದು ಮಾತನ್ನು ಹಿಡಿದಳು: ಜನ ಅವನನ್ನು ಯೋಸೇಫನ ಮಗ ಎಂದು ಎಣಿಸಿದ್ದರು ಎಂದು ಇಲ್ಲೇ ಬರೆದಿದೆ, ಹಾಗಾದರೆ ಜನರ ಬಾಯಿಗೆ ಒಂದು ಹೆಸರು ಬೇಕೇ ಬೇಕು, ದೇವರ ಮಗನಿಗೂ ಬಿಡಲಿಲ್ಲ, ಅಲ್ಲವೆ? ಕೇಳುವಾಗ ಸ್ವರ ತನಗೇ ವಿಚಿತ್ರವಾಗಿ ಕೇಳಿಸಿತು. "ಬರೀ ಹೆಸ್ರ್ ಆಗಿದ್ರೆ ಅದ್ ಸುಳ್ಳಾತಿತ್ತ್ ಟೀಚರ್" ಎಂದ ರೋಷನ್. "ಯೋಸೇಫ ಇದ್ದ. ಆ ಹೆಂಗ್ಸಿನ ಮಾತ್ ನಂಬ್ದ, ರಾಜ ಕೊಲ್ಲೂಕ್ ನೋಡ್ದಾಗ ಮಗುನ್ ಹೊತ್ಕಂಡ್ ಓಡ್ದ, ಸಾಕ್ದ."

ಹತ್ತೊಂಬತ್ತನೇ ಪುಟ. ಎರಡು ಕೆಂಪು ಗೆರೆ. ಅವನು ಅದನ್ನು ಓದಿ ತಲೆ ಎತ್ತಿದ.

"ಇದನ್ನ್ ಎಂತಕ್ ತೆಗೂದ್ ಟೀಚರ್?"

"ಭಾರ ಆಯ್ತ್. ಖಾಲಿ ಜಾಗ, ತುಂಬೂದ್, ಅದೆಲ್ಲ ಕಚೇರಿ ಭಾಷಿ. ದೇವ್ರ ವಿಷಯದಂಗೆ ಶೋಭಿಸೂದಿಲ್ಲೆ."

ರೋಷನ್ ಪೆನ್ಸಿಲನ್ನು ಕೆಳಗಿಟ್ಟ. "ಕಚೇರಿ ಭಾಷಿಯೇ. ನಾನ್ ಅದನ್ನ್ ಕಲ್ತದ್ದ್ ನಿಮ್ಮ ಕ್ಲಾಸಂಗೆ. ನನ್ನ ಮುಂದಿನ ಬೆಂಚಂಗೆ ಪುಷ್ಪ ನಿಂತಿದ್ದಿತ್ತ್, ಮೂರ್ ದಿನ. ಬೋರ್ಡ್ ಕಾಂತಿರ್ಲಿಲ್ಲೆ ನಂಗೆ, ಅವ್ಳ ಬೆನ್ನೇ ಕಾಂತಿತ್ತ್. ಆಮೇಲೆ ನೀವ್ ಎಂತದೋ ಬರ್ದ್ ಮುಗಿಸಿದ್ರಿ. ಸೆಮಿನರಿಯಂಗೆ ಈ ಪಾಠ ಮಾಡುವಾಗ ನಂಗೆ ಮೊದ್ಲ್ ನೆನಪಾದ್ದ್ ಆ ಅರ್ಜಿ." ಅವನ ಮಾತಿನಲ್ಲಿ ದೂರು ಇರಲಿಲ್ಲ. ಅದಿದ್ದಿದ್ದರೆ ಅವಳು ಗದರಿಬಿಡುತ್ತಿದ್ದಳು. ಹಿಂದೆ ಬೈಸಿಕೊಂಡ ಹುಡುಗ ತನ್ನ ಎದುರಿಗೆ ಕೂತು ಕೆಲಸಕ್ಕೆ ಬೇಕಾದ ಒಂದು ವಿವರ ಕೊಡುವ ಹಾಗೆ ಅದನ್ನು ಹೇಳಿದ್ದ. ಇಪ್ಪತ್ತೈದು ವರ್ಷ ಅವನು ಇದನ್ನು ಇಟ್ಟುಕೊಂಡಿದ್ದ, ಬೆಳೆಸಿದ್ದ, ಅದರಿಂದ ದೇವರ ಬಗ್ಗೆ ಒಂದು ವಾಕ್ಯ ಮಾಡಿದ್ದ. ತಿದ್ದಲು ಬಂದವಳ ಕಿವಿಯ ತುದಿ ಬಿಸಿಯಾಯಿತು. ಈ ಪುಸ್ತಿಕೆಯನ್ನು ಇಡೀ ಜಿಲ್ಲೆಯಲ್ಲಿ ಬೇರೆ ಯಾರಿಗೂ ಕೊಡದೆ ತನಗೇ ಏಕೆ ತಂದುಕೊಟ್ಟ ಎಂಬ ಸಂಶಯ ಹೊಳೆಯಿತು. ಪಾದ್ರಿಯ ಬುದ್ಧಿ ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ನಾಚಿದಳು. "ಅವ್ಳ್ ಈಗ ಎಲ್ಲಿತ್ತ್?" ಎಂದು ಕೇಳಿದಳು. ಕೋಟದಲ್ಲಿ ಮೂರು ರಸ್ತೆ ಕೂಡುವ ಮೂರ್ಕೈ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಅಬ್ಬಿಯೂ ಜೊತೆಗಿದ್ದಾರೆ ಎಂದ. ಅವಳು ಎದ್ದಳು. ಬಾಗಿಲ ತನಕ ಹೋಗಿ ತಿರುಗಿ, "ಆ ಸಾಲ್ ಇರ್ಲಿ. ವ್ಯಾಕರಣ ಸರಿ ಇತ್ತ್" ಎಂದಳು.

ಕೋಟಕ್ಕೆ ಹೋಗುವ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು ಅವಳು ಹೇಳಬೇಕಾದ್ದನ್ನು ಒಳಗೇ ರಚಿಸಿದಳು, ತಿದ್ದಿದಳು. ತನ್ನಿಂದ ಒಂದು ಹುಡುಗಿಯ ಓದು ಮುರಿಯಿತು. ಏಳನೇ ತರಗತಿ ಮುಗಿಸಿ ಪುಷ್ಪ ಶಾಲೆ ಬಿಟ್ಟ ಸುದ್ದಿ ಕೇಳಿದ ದಿನದಿಂದ ಈ ಮಾತು ಅವಳೊಳಗೆ ಇತ್ತು. ನಿದ್ದೆ ಬಾರದಾಗೆಲ್ಲ ಅದನ್ನು ಎತ್ತಿ ನೋಡಿ ಮತ್ತೆ ಜೋಪಾನವಾಗಿ ಇಟ್ಟಿದ್ದಳು. ಅಳುವುದಿಲ್ಲ ಎಂದು ನಿರ್ಧರಿಸಿದಳು. ಪುಷ್ಪ ಅತ್ತರೆ ತಲೆ ಸವರಬೇಕು. ಮೂರ್ಕೈಯಲ್ಲಿ ಇಳಿದು ಸರ್ವಿಸ್ ರಸ್ತೆಯಲ್ಲಿ ನಡೆದಾಗ ಬಸ್ ಸ್ಟಾಪಿನ ಎದುರಿಗೇ ಅಂಗಡಿ ಸಿಕ್ಕಿತು. 'ಸುಗುಣ ಲೇಡೀಸ್ ಟೈಲರ್ಸ್'. ಪುಷ್ಪ ಮಿಷನ್ನಿನ ಮುಂದೆ ಕೂತಿದ್ದಳು, ಕುತ್ತಿಗೆಗೆ ಟೇಪು, ಮೈ ತುಂಬಿಕೊಂಡಿದ್ದಳು. ಮೂಲೆಯಲ್ಲಿ ಅವಳ ಅಬ್ಬಿ ಸುಗುಣ ಕನ್ನಡಕ ಹಾಕಿ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಬ್ಲೌಸಿಗೆ ಕಾದು ಕೂತವಳು ಬಾರ್ಕೂರಿನ ಶರ್ಮಿಳಾ. ಜಲಜಳ ಮನೆಯಿಂದ ನಾಲ್ಕನೇ ಮನೆ. ಸಂಘದ ಸಭೆಗೆ ಹೋದಲ್ಲೆಲ್ಲ ಊರಿನ ಸುದ್ದಿ ಹಂಚುವವಳು. ಅವಳನ್ನು ಕಂಡು ಜಲಜ ಹೊಸ್ತಿಲಲ್ಲೇ ನಿಂತಳು.

"ಟೀಚರ್" ಎಂದಳು ಪುಷ್ಪ, ಏನೂ ಆಶ್ಚರ್ಯವಿಲ್ಲದೆ. "ಬನ್ನಿ. ಅಳತಿ ಕೊಡೂಕಿತ್ತಾ?"

"ಇಲ್ಲೆ. ನಿನ್ನತ್ರ ಮಾತಾಡೂಕಿತ್ತ್. ನೀನ್ ಏಳನೇ ಕ್ಲಾಸಂಗೆ ಇಪ್ಪಾಗ..."

"ಮೂರ್ ದಿನ ನಿಲ್ಸಿದ್ದಾ? ನೆನಪಿತ್ತ್."

ಬಸ್ಸಿನಲ್ಲಿ ರಚಿಸಿದ್ದೆಲ್ಲ ಮರೆತು ಹೋಯಿತು. "ತಪ್ಪಾಯ್ತ್ ಪುಷ್ಪ. ನನ್ನಿಂದಾಯಿ ನೀನ್ ಶಾಲಿ ಬಿಟ್ಟೆ" ಎಂದಳು ಜಲಜ.

ಪುಷ್ಪ ದಾರವನ್ನು ಹಲ್ಲಿನಿಂದ ಕಡಿದಳು. "ಶಾಲಿ ಬಿಟ್ಟದ್ದ್ ನಿಮ್ಮಿಂದ ಅಲ್ಲ ಟೀಚರ್. ಹೈಸ್ಕೂಲಿಗ್ ಕಳ್ಸೂಕೆ ಅಬ್ಬಿಗ್ ಆಯ್ಲಿಲ್ಲೆ. ಮುಂಬೈಯಂಗೆ ಚಿಕ್ಕಮ್ಮ ಇದ್ರ್, ಅಲ್ ಹೋಯಿ ಹೊಲಿಗಿ ಕಲ್ತೆ. ನೀವ್ ನಿಲ್ಸಿದ್ದ್ ನಂಗೆ ದೊಡ್ಡ ವಿಷಯವೇ ಅಲ್ಲ." ಅವಳು ಬಟ್ಟೆಯನ್ನು ತಿರುಗಿಸಿ ಇನ್ನೊಂದು ಅಂಚು ಹಿಡಿದಳು. "ಹೆಸ್ರ್ ಗೊತ್ತಿಲ್ದೆ ನಿಂತದ್ದ್ ಅಂದ್ಕಂಡಿದ್ರಿಯಾ? ಗೊತ್ತಿದ್ದಿತ್ತ್. ಆ ಜನ ಈಗ್ಲೂ ಇದ್ರ್. ಎಲ್ಲೂ ಬರಿಬೇಡ, ಅಷ್ಟ್ ಮರ್ಯಾದಿ ಅವ್ರಿಗೆ ಕೊಡೂದ್ ಬೇಡ ಅಂದ್ಹೇಳಿ ಅಬ್ಬಿ ಹೇಳಿದ್ರ್. ನೀವ್ ಒಂದ್ ತಿಂಗ್ಳ್ ನಿಲ್ಸಿದ್ರೂ ನಾನ್ ನಿಂತಿರ್ತಿದ್ದೆ."

ಯಾರೋ ತನ್ನ ಕೈಯಿಂದ ಚೀಲ ಕಸಿದುಕೊಂಡ ಹಾಗಾಯಿತು ಜಲಜಳಿಗೆ. ಇಷ್ಟು ವರ್ಷ ಸಾಕಿದ ಅಪರಾಧ ಈ ಹೆಂಗಸಿಗೆ ಬೇಡವಾಗಿತ್ತು. ಬಾಡಿದ ಮುಖದ, ಕ್ಷಮೆಗೆ ಕಾದು ಕೂತ ಒಬ್ಬ ಪುಷ್ಪಳನ್ನು, ಭೋಜನಿಗೆ ಮೀಸೆ ಇಟ್ಟ ಹಾಗೆಯೇ ತಾನು ಕಟ್ಟಿಕೊಂಡಿದ್ದೆ ಎಂದು ಕಂಡಿತು. ತಾನು ಶಿಕ್ಷೆ ಎಂದುಕೊಂಡದ್ದು ಆ ಹುಡುಗಿಗೆ ಮೂರು ದಿನ ತಲೆ ಎತ್ತಿ ನಿಲ್ಲಲು ಸಿಕ್ಕ ಜಾಗವಾಗಿತ್ತು. ಗದ್ದೆಯ ಅಂಚಿನಲ್ಲಿ ಗಂಜಿ ಕಲಸುತ್ತಿದ್ದ ಕಮಲಳ ಕುತ್ತಿಗೆಯ ನಿಲುವು ಇವಳಿಗಿತ್ತು. ಕಮಲಳ ಮಗಳಿಗೆ ಇರಲಿಲ್ಲ.

"ನಂಗೆ ಸಿಟ್ಟಿಪ್ಪುದ್ ಮೂರ್ನೇ ದಿನಕ್ಕೆ" ಎಂದಳು ಪುಷ್ಪ, ಈಗ ಮಿಷನ್ನು ನಿಲ್ಲಿಸಿ. "ಅಬ್ಬಿ ಕೊಡ್ಬೇಡ ಅಂದ ಜಾಗ ನೀವ್ ಯಾರಿಗೋ ಕೊಟ್ರಿ. ಯಾರ್ ಟೀಚರ್ ಆ ಭೋಜ?"

ಬೆಂಚಿನ ಮೇಲೆ ಶರ್ಮಿಳಾ ಕಾಲು ಬದಲಿಸಿ ಕೂತಳು. ಜಲಜ ಅವಳ ಕಡೆ ನೋಡಿದಳು, ಮತ್ತೆ ಪುಷ್ಪಳ ಕಡೆ. "ಯಾರೂ ಅಲ್ಲ. ಒಂದ್ ಸೈಕಲ್ ಅಂಗ್ಡಿ ಬೋರ್ಡ್. ನಂಗೂ ಅಪ್ಪಯ್ಯ ಅಂದ್ಹೇಳಿ ಯಾರೂ ಇರ್ಲಿಲ್ಲೆ, ನಾಚ್ಕಿ ಆಯಿ ಆ ಹೆಸ್ರ್ ಬರ್ಸಿದೆ. ಆಮೇಲೆ ನಿಂಗೂ ಅದನ್ನೇ ಬರ್ದೆ." ಅರವತ್ತು ದಾಟಿದ ಬಾಯಲ್ಲಿ ಮೊದಲ ಸಲ ಬಂದ ಮಾತು, ಚಾ ಬೇಕೇ ಬೇಡವೇ ಎನ್ನುವಷ್ಟು ಸಣ್ಣದಾಗಿ ಬಂತು. ಪುಷ್ಪ ಅವಳನ್ನು ದಿಟ್ಟಿಸಿದಳು. ಅವಳ ಭುಜ ಮೊದಲು ಅಲುಗಿತು, ಆಮೇಲೆ ನಗು ಬಂತು, ತಡೆಯಲಾಗದೆ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಸೈಕಲ್ ಅಂಗ್ಡಿಯಾ ಟೀಚರ್?" ಎಂದಳು. ಜಲಜ ಕೂಡ ನಕ್ಕಳು. ನಗು ನಿಂತ ಮೇಲೆ ಪುಷ್ಪ ವಿಷಯ ಹೇಳಿದಳು. ಈ ವರ್ಷ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಬೇಕೆಂದಿದ್ದಾಳೆ. ಬೆಳಗಿನ ಜಾವ ಎದ್ದು ಓದುತ್ತಾಳೆ. ಟಿ.ಸಿ. ತರಲು ಹಳೆಯ ಶಾಲೆಗೆ ಹೋದರೆ ಪುಸ್ತಕದಲ್ಲಿ ಭೋಜ ಎದ್ದು ಬಂದ. ಆ ಹೆಸರಿನಲ್ಲಿ ಪರೀಕ್ಷೆ ಬರೆಯುವುದಿಲ್ಲ ಎಂದು ಬಂದಳು. ತಪ್ಪು ಬರೆದವರೇ ಬರೆದು ಕೊಟ್ಟರೆ ಮೇಲಕ್ಕೆ ಕಳಿಸಬಹುದು ಎಂದು ಈಗಿನ ಹೆಡ್‌ಮಾಸ್ಟರ್ ಹೇಳಿದ್ದರು. "ನಿಮ್ಮನಿಗೆ ಬಂದ್ ಕೇಂಬುಕೆ ನಂಗೆ ಮನ್ಸಿಲ್ಲೆ. ಬಂದ್ರೆ ನೀವೇ ಬರ್ಕ್ ಅಂದ್ಹೇಳಿ ಕೂತಿದ್ದೆ" ಎಂದಳು.

ಜಲಜ ಕಾಗದ ಕೇಳಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಪುಡಿ ಒರೆಸಿ, ನಿಂತುಕೊಂಡೇ ಬರೆದಳು. ಇದು ಮೇಲಿನವರ ಕೈಗೆ ಹೋದರೆ ಸರಕಾರಿ ದಾಖಲೆಯಲ್ಲಿ ಸುಳ್ಳು ಬರೆದವಳು ಎಂದು ತನ್ನ ಮೇಲೆ ವಿಚಾರಣೆ ಬರಬಹುದು, ತನ್ನ ಸೇವಾ ಪುಸ್ತಕವನ್ನೂ ಯಾರಾದರೂ ತೆಗೆಯಬಹುದು ಎಂದು ಅವಳಿಗೆ ಗೊತ್ತಿತ್ತು. ಮುಂದೆ ವಿಚಾರಣೆಯ ಒಂದು ಕಾಗದ ಬಂದದ್ದೂ ನಿಜ, ಅದಕ್ಕೆ ಅವಳು ಒಂದೂ ಕಾಗುಣಿತದ ತಪ್ಪಿಲ್ಲದೆ ಉತ್ತರ ಬರೆದದ್ದೂ ನಿಜ. ಎರಡು ತಿಂಗಳು ಓಡಾಡಿಸಿ, ಕೊನೆಯ ದಿನಾಂಕಕ್ಕೆ ವಾರವಿರುವಾಗ ಪುಷ್ಪಳಿಗೆ ಭೋಜನಿಲ್ಲದ ಟಿ.ಸಿ. ಸಿಕ್ಕಿತು. ಆದರೆ ಆ ಹೊತ್ತಿನಲ್ಲಿ ಅವಳಿಗೆ ಇದ್ದದ್ದು ಬಿಳಿ ಹಾಳೆ ಮಾತ್ರ. ಎಂಟು ಸಾಲು ಬರೆದಳು. ಪ್ರತಿ ಅಕ್ಷರ ದುಂಡಗೆ ಬಂತು. ಸಹಿ ಹಾಕುವ ಜಾಗದಲ್ಲಿ ಒಂದು ಕ್ಷಣ ಕೂಡ ತಡೆಯದೆ ತನ್ನ ಹೆಸರು ಬರೆದು, ಅದರ ಕೆಳಗೆ ಇನ್ನೊಂದು ಹೆಸರು ಬರೆದಳು. ಪುಷ್ಪ ಕೈಚಾಚಿದಳು. ಜಲಜ ಕಾಗದ ಕೊಡಲಿಲ್ಲ. ಬಾಗಿಲ ಕಡೆಗೆ, ಶರ್ಮಿಳಾಳ ಕಡೆಗೆ ತಿರುಗಿ ನಿಂತು, ಐವತ್ತು ಮಕ್ಕಳ ತರಗತಿಗೆ ಕೇಳುವ ಸ್ವರದಲ್ಲಿ ಓದತೊಡಗಿದಳು. ಪುಷ್ಪ ಎಂಬ ವಿದ್ಯಾರ್ಥಿನಿಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ನಾನು ಬರೆದದ್ದು ಸುಳ್ಳು. ಆ ಹೆಸರಿನ ವ್ಯಕ್ತಿ ಇಲ್ಲ. ಆಕೆ ಸುಗುಣ ಅವರ ಮಗಳು. ಬಸ್ ಸ್ಟಾಪಿನಲ್ಲಿ ನಿಂತವರಲ್ಲಿ ಒಂದಿಬ್ಬರು ಇತ್ತ ನೋಡಿದರು. ಶರ್ಮಿಳಾ ತನ್ನ ಚೀಲವನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದೇ ಕೂತಿದ್ದಳು. ನಾಳೆ ಬೆಳಿಗ್ಗೆಯ ಹೊತ್ತಿಗೆ ಇಡೀ ಬಾರ್ಕೂರಿಗೆ ಗೊತ್ತಾಗುತ್ತದೆ ಎಂದು ಜಲಜಳಿಗೆ ಹೊಳೆಯಿತು; ಸ್ವರ ಇನ್ನೂ ಸ್ವಲ್ಪ ಏರಿತು.

ಓದಿ ಮುಗಿಸಿದಾಗ ಮೂಲೆಯಲ್ಲಿ ಸುಗುಣ ಸೂಜಿ ಹಿಡಿದ ಕೈಯನ್ನು ಎತ್ತಿದಳು. "ಹ್ವಾಯ್, ಕಡಿಗೆ ಎಂತ ಹೇಳಿದ್ರಿ? ನಂಗೆ ಕಿವಿ ಕೇಂತಿಲ್ಲೆ."

"ನನ್ನ ಹೆಸ್ರ್" ಎಂದಳು ಜಲಜ. "ಅದ್ರ ಕೆಳಗೆ ನನ್ನಬ್ಬಿ ಹೆಸ್ರ್."

"ಇದ್ರಾ ಅವ್ರ್?"

"ಇಲ್ಲೆ. ತೀರ್ಕಂಡ್ ಹದಿನಾರ್ ವರ್ಷ ಆಯ್ತ್."

ಸುಗುಣ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಕಾಣುವುದರಿಂದ ಕೇಳಿಸೀತು ಎಂಬಂತೆ ಜಲಜಳ ಬಾಯಿಯನ್ನೇ ನೋಡಿದಳು. "ಹಾಂಗಾರೆ ಗಟ್ಟಿಗೆ ಹೇಳಿ" ಎಂದಳು.

"ಕಮಲ" ಎಂದಳು ಜಲಜ. ಹೆದ್ದಾರಿಯಲ್ಲಿ ಒಂದು ಟ್ಯಾಂಕರು ಹಾದು ಹೋಗುತ್ತಿತ್ತು. ಅದು ದಾಟಿ ಹೋಗಲಿ ಎಂದು ಅವಳು ಕಾಯಲಿಲ್ಲ; ಅದರ ಸದ್ದಿನ ಮೇಲೆಯೇ ಇನ್ನೊಮ್ಮೆ ಹೇಳಿದಳು, "ಕಮಲ. ನಾನ್ ಕಮಲನ ಮಗ್ಳ್."